ಕಾರಿನ ಗಾಜಿಗೆ ಕಪ್ಪು: ಝಡ್ ಪ್ಲಸ್‌ಗೆ ಉಂಟು, ಲೂಪಸ್‌ಗೆ ಇಲ್ಲ

ಬೆಂಗಳೂರಿನಿಂದ ಮೈಸೂರಿಗೆ ಬೆಳಗ್ಗೆ ಹೊರಟರೆ ಬಿಸಿಲು ಕಾರಿನ ಎಡಗಡೆ ಬೀಳುತ್ತದೆ. ಸಂಜೆ ವಾಪಸ್ ಬರುವಾಗಲೂ ಎಡಗಡೆಯೇ. ನಮ್ಮ ಚಿಕ್ಕಮ್ಮನಿಗೆ ಇದು ಬಾಯಿಪಾಠ. ಅವರಿಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಬಿಸಿಲು ಸ್ವಲ್ಪ ಜಾಸ್ತಿ ಬಿದ್ದರೂ ಕೆನ್ನೆ ಕೆಂಪಾಗುತ್ತದೆ, ಆಮೇಲೆ ಕೀಲುನೋವು, ಸುಸ್ತು. ಹಾಗಾಗಿ ಯಾವಾಗಲೂ ಡ್ರೈವರ್ ಹಿಂದಿನ ಸೀಟು. ಸಾಲದ್ದಕ್ಕೆ ಎಡಗಡೆಯ ಕಿಟಕಿಗೆ ಚಿಕ್ಕಪ್ಪನ ಹಳೇ ಪಂಚೆ. ಗಾಜು ಇಳಿಸಿ, ಪಂಚೆಯ ಅಂಚು ಸಿಕ್ಕಿಸಿ, ಮತ್ತೆ ಗಾಜು ಏರಿಸಿದರೆ ಮುಗಿಯಿತು, ಪರದೆ ರೆಡಿ.

ಒಮ್ಮೆ ದಾರಿಯಲ್ಲಿ ಟ್ರಾಫಿಕ್ ಪೊಲೀಸರು ನಿಲ್ಲಿಸಿ ಅದನ್ನು ತೆಗೆಸಿದರು. ಚಿಕ್ಕಮ್ಮ ಪರ್ಸಿನಿಂದ ಡಾಕ್ಟರ್ ಚೀಟಿ ತೆಗೆದು ಕೊಟ್ಟರು. ಆತ ಪೂರ್ತಿ ಓದಿದರು, ಮಡಚಿ ವಾಪಸ್ ಕೊಟ್ಟರು. "ನಿಮ್ಮ ಕಷ್ಟ ಅರ್ಥ ಆಗುತ್ತೆ ಅಮ್ಮಾ, ಆದರೆ ರೂಲಲ್ಲಿ ಇದಕ್ಕೆ ಜಾಗ ಇಲ್ಲ" ಎಂದರು. ಮನೆಗೆ ಬಂದು ಆ ರೂಲನ್ನು ಹುಡುಕಿಕೊಂಡು ಕೂತೆ. ಆತ ಹೇಳಿದ್ದು ನಿಜ. ಜಾಗ ಇಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು ಬಂದಿದ್ದು 1989ರಲ್ಲಿ. ಅದರಲ್ಲಿ 100ನೇ ನಿಯಮ ಗಾಜಿನದ್ದು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ದಾಟಬೇಕು, ಪಕ್ಕದ ಕಿಟಕಿಗಳಲ್ಲಿ ಶೇ 50ರಷ್ಟು. ಗಾಜು ಹಾಗಿರಬೇಕು, ಹಾಗೆಯೇ ಕಾಪಾಡಿಕೊಂಡೂ ಬರಬೇಕು. ಈ 'ಕಾಪಾಡಿಕೊಂಡು' ಎಂಬ ಪದ ನೆನಪಿರಲಿ. ಮುಂದೆ ಸುಪ್ರೀಂ ಕೋರ್ಟಿನಲ್ಲಿ ಜಗಳ ನಡೆದದ್ದೇ ಇದರ ಮೇಲೆ.

ಆ ಕಾಲಕ್ಕೆ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಹೊಸ ಕಾರು ಬಂದರೆ ಮೊದಲು ಪೂಜೆ, ಆಮೇಲೆ ಜೆ.ಸಿ. ರಸ್ತೆ. ಬೆಂಗಳೂರಿನಲ್ಲಿ ಸೀಟ್ ಕವರ್, ಸ್ಟೀರಿಯೊ, ಸನ್‌ಫಿಲ್ಮ್ ಎಲ್ಲ ಅಲ್ಲೇ. ಅಂಗಡಿ ಹುಡುಗ ಗಾಜಿಗೆ ಸೋಪಿನ ನೀರು ಚಿಮುಕಿಸುತ್ತಿದ್ದ. ಫಿಲ್ಮಿನ ಹಿಂದಿನ ಹಾಳೆ ಸುಲಿದು ಮೆಲ್ಲಗೆ ಕೂರಿಸುತ್ತಿದ್ದ. ರಬ್ಬರ್ ಪಟ್ಟಿಯಿಂದ ಮಧ್ಯದಿಂದ ಅಂಚಿಗೆ ಒತ್ತಿ ಒತ್ತಿ ನೀರು ಹೊರಗೆ ತಳ್ಳುತ್ತಿದ್ದ. ಒಂದು ಗುಳ್ಳೆ ಉಳಿದರೂ ಗಿರಾಕಿ ಬಿಡುತ್ತಿರಲಿಲ್ಲ. ಕೊನೆಗೆ ಬಿಸಿಗಾಳಿ ಊದಿ, ಅಂಚಿನಲ್ಲಿ ಬ್ಲೇಡ್ ಎಳೆದರೆ ಕೆಲಸ ಮುಗಿಯಿತು. ಎಷ್ಟು ಕಪ್ಪೋ ಅಷ್ಟು ದೊಡ್ಡಸ್ತಿಕೆ ಎಂದುಕೊಂಡವರೇ ಜಾಸ್ತಿ.

ಇಲ್ಲೊಂದು ಸಣ್ಣ ಲೆಕ್ಕ ಇದೆ. ಕಾರ್ಖಾನೆಯಿಂದ ಬರುವ ಗಾಜಿಗೇ ಕೆಲವೊಮ್ಮೆ ತೆಳು ಹಸಿರು ಇರುತ್ತದೆ. ಅದು ನೂರರಲ್ಲಿ 75 ಪಾಲು ಬೆಳಕು ಬಿಡುತ್ತದೆ ಎಂದುಕೊಳ್ಳಿ. ಅದರ ಮೇಲೆ ಅಂಗಡಿಯವನು '50 ಪರ್ಸೆಂಟ್ ಫಿಲ್ಮ್, ಲೀಗಲ್ ಸಾರ್' ಎಂದು ಹಚ್ಚಿದ. ಉಳಿಯುವುದು 75ರಲ್ಲಿ ಅರ್ಧ, ಅಂದರೆ 37 ಚಿಲ್ಲರೆ. ಅಂಗಡಿಯವನು ಸುಳ್ಳು ಹೇಳಲಿಲ್ಲ, ಆದರೆ ಕಾರು ನಿಯಮ ಮೀರಿತು. ಇನ್ನು ರಸ್ತೆಯಲ್ಲಿ ನಿಂತ ಪೊಲೀಸರಿಗೆ ಕಣ್ಣಳತೆಯೇ ಗತಿ. ಬೆಳಕು ಅಳೆಯುವ ಮೀಟರ್ ಹಿಡಿದ ಪೇದೆಯನ್ನು ನಾನಂತೂ ಇವತ್ತಿನವರೆಗೂ ನೋಡಿಲ್ಲ.

2011ರಲ್ಲಿ ಅವಿಷೇಕ್ ಗೋಯೆಂಕಾ ಎಂಬುವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕಪ್ಪು ಗಾಜಿನ ಕಾರುಗಳ ಒಳಗೆ ಅತ್ಯಾಚಾರ, ಅಪಹರಣ ನಡೆಯುತ್ತಿವೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ ಎಂಬುದು ಅವರ ವಾದ. 2012ರ ಏಪ್ರಿಲ್ 27ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಸ್ವತಂತರ್ ಕುಮಾರ್.

ಫಿಲ್ಮ್ ಪರ ಇದ್ದ ವಾದ ಸರಳ. ಬೆಳಕು ಶೇ 70 ಮತ್ತು 50ಕ್ಕಿಂತ ಕೆಳಗೆ ಇಳಿಯದಿದ್ದರೆ ಆಯಿತಲ್ಲ, ಆ ಮಟ್ಟವನ್ನು 'ಕಾಪಾಡಿಕೊಂಡು' ಫಿಲ್ಮ್ ಹಚ್ಚಿದರೆ ತಪ್ಪೇನು? ಕೋರ್ಟ್ ಒಪ್ಪಲಿಲ್ಲ. ನಿಯಮ ಮಾತಾಡುವುದು ಗಾಜಿನ ಬಗ್ಗೆ, ಗಾಜು ಮತ್ತು ಫಿಲ್ಮ್ ಸೇರಿದ್ದರ ಬಗ್ಗೆ ಅಲ್ಲ ಎಂದಿತು. ಗಾಜು ತಯಾರಾಗುವಾಗಲೇ ಆ ಮಟ್ಟದಲ್ಲಿರಬೇಕು, ಆಮೇಲೆ ಅದರ ಮೇಲೆ ಏನನ್ನೂ ಅಂಟಿಸುವಂತಿಲ್ಲ. ಎಷ್ಟೇ ತೆಳುವಾದ ಫಿಲ್ಮ್ ಇರಲಿ, 'ಬೇರೆ ಯಾವುದೇ ವಸ್ತು' ಇರಲಿ, ಮೇ 4ರಿಂದ ದೇಶದಾದ್ಯಂತ ನಿಷೇಧ. ದಂಡ ಹಾಕಿದರೆ ಸಾಲದು, ಪೊಲೀಸರು ಫಿಲ್ಮನ್ನು ಕಿತ್ತೂ ಹಾಕಬೇಕು.

ವಿನಾಯಿತಿ ಯಾರಿಗೆ? ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರಿಗೆ. ಅದೂ ಪೊಲೀಸ್ ಮತ್ತು ಗೃಹ ಇಲಾಖೆಯ ಹಿರಿಯ ಅಧಿಕಾರಿಗಳ ಸಮಿತಿ ಒಪ್ಪಿದರೆ. ಕಾಯಿಲೆಯವರಿಗೆ ಅಂಥ ಬಾಗಿಲೇ ಇಲ್ಲ.

ಫಿಲ್ಮ್ ತಯಾರಕರು ಮತ್ತೆ ಕೋರ್ಟಿಗೆ ಹೋದರು. ಆಗಸ್ಟ್ 3ರಂದು ಅವರ ಅರ್ಜಿಗಳು ಬಿದ್ದುಹೋದವು. ಮೇಲಾಗಿ, ಆದೇಶ ಜಾರಿ ಮಾಡದಿದ್ದರೆ ಪೊಲೀಸ್ ಮುಖ್ಯಸ್ಥರ ಮೇಲೇ ನ್ಯಾಯಾಂಗ ನಿಂದನೆ ಎಂದು ಕೋರ್ಟ್ ಎಚ್ಚರಿಸಿತು. ಆ ವರ್ಷ ಸಿಗ್ನಲ್‌ಗಳಲ್ಲಿ ಕಂಡ ದೃಶ್ಯ ನಿಮಗೂ ನೆನಪಿರಬಹುದು. ಪೇದೆ ಉಗುರಿನಲ್ಲಿ ಒಂದು ಮೂಲೆ ಎಬ್ಬಿಸಿ ಸರ್ರನೆ ಎಳೆಯುತ್ತಿದ್ದರು. ಫಿಲ್ಮ್ ಬರುತ್ತಿತ್ತು, ಗೋಂದು ಬರುತ್ತಿರಲಿಲ್ಲ. ನಮ್ಮ ಮಾರುತಿಯ ಹಿಂದಿನ ಗಾಜನ್ನು ಸೀಮೆಎಣ್ಣೆ ಹಾಕಿ ಒಂದು ಭಾನುವಾರ ಪೂರ್ತಿ ಉಜ್ಜಿದ್ದೇವೆ.

ಅದೇ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ಓಡುವ ಬಸ್ಸಿನೊಳಗೆ ನಿರ್ಭಯಾ ಅತ್ಯಾಚಾರ ನಡೆಯಿತು. ಆ ಬಸ್ಸಿಗೆ ಕಪ್ಪು ಗಾಜು, ಪರದೆ ಎರಡೂ ಇದ್ದವು. ಅಲ್ಲಿಗೆ, ವಿನಾಯಿತಿ ಕೊಡಿ ಎನ್ನುವವರ ಬಾಯಿ ಕಟ್ಟಿತು. ಕಟ್ಟಿದ್ದರಲ್ಲಿ ಅರ್ಥವೂ ಇತ್ತು ಅನ್ನಿ.

ಈಗ ಚಿಕ್ಕಮ್ಮನ ವಿಷಯಕ್ಕೆ ಬರೋಣ. ಅವರ ಶತ್ರು ಕಣ್ಣಿಗೆ ಕಾಣುವ ಬೆಳಕು ಅಲ್ಲ, ಹೆಚ್ಚಾಗಿ ಅದರ ಜೊತೆ ಬರುವ ಕಾಣದ ನೇರಳಾತೀತ ಕಿರಣ. ಇದರಲ್ಲಿ ಎ, ಬಿ ಎಂದು ಎರಡು ಜಾತಿ ನಮ್ಮನ್ನು ಮುಟ್ಟುತ್ತವೆ. 'ಬಿ'ಯನ್ನು ಸಾಮಾನ್ಯ ಗಾಜು ಬಹುಪಾಲು ತಡೆಯುತ್ತದೆ. 'ಎ' ನುಸುಳಿ ಬರುತ್ತದೆ. ಕಾರಿನ ಮುಂದಿನ ಗಾಜು ಒಬ್ಬಟ್ಟಿನ ಹಾಗೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹೂರಣ. ಆ ಹೂರಣವೇ 'ಎ' ಕಿರಣವನ್ನು ತಡೆಯುವುದು. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಹೂರಣ ಇರುವುದಿಲ್ಲ, ಬರೀ ಕಾಯಿಸಿ ಗಟ್ಟಿ ಮಾಡಿದ ಗಾಜು. ಕ್ಯಾಲಿಫೋರ್ನಿಯಾದ ಕಣ್ಣಿನ ಡಾಕ್ಟರ್ ಬ್ರಯನ್ ಬಾಕ್ಸರ್ ವಾಕ್ಲರ್ 15 ಕಂಪನಿಗಳ 29 ಕಾರುಗಳನ್ನು ಅಳೆದು 2016ರಲ್ಲಿ ಪ್ರಕಟಿಸಿದರು. ಮುಂದಿನ ಗಾಜು ಸರಾಸರಿ ಶೇ 96ರಷ್ಟು 'ಎ' ಕಿರಣವನ್ನು ತಡೆಯುತ್ತಿತ್ತು. ಪಕ್ಕದ್ದು ಸರಾಸರಿ ಶೇ 71, ಕೆಲವು ಕಾರುಗಳಲ್ಲಿ ಬರೀ 44.

ನಂಬಿಕೆ ಬರದಿದ್ದರೆ ಇನ್ನೊಂದು ಕೇಳಿ. ನಮ್ಮ ತೀರ್ಪು ಬಂದ ಅದೇ 2012ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ವ್ಯಕ್ತಿಯೊಬ್ಬರ ಫೋಟೊ ಬಂತು. 28 ವರ್ಷ ಡೆಲಿವರಿ ಟ್ರಕ್ ಓಡಿಸಿದವರು. ಮುಖದ ಬಲಭಾಗ ಸರಿಯಾಗಿದೆ, ಎಡಭಾಗ ಮಾತ್ರ ಇಪ್ಪತ್ತು ವರ್ಷ ಜಾಸ್ತಿ ವಯಸ್ಸಾದಂತೆ ಸುಕ್ಕುಗಟ್ಟಿದೆ. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ನಮ್ಮಲ್ಲಿ ಕ್ಯಾಬ್ ಓಡಿಸುವವರ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಬಲಗೈ ಬಣ್ಣವೇ ಬೇರೆ. ಆದರೆ ನಮ್ಮವರಲ್ಲಿ ಹಲವರು ಕಿಟಕಿ ತೆಗೆದು ಮೊಣಕೈ ಹೊರಗಿಡುವುದರಿಂದ ತಪ್ಪೆಲ್ಲ ಗಾಜಿನದ್ದು ಎನ್ನಲಾಗದು.

ಲೂಪಸ್ ಒಂದೇ ಅಲ್ಲ. ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣ ಇಲ್ಲದವರು, ಪೋರ್ಫೈರಿಯಾ ಎಂಬ, ಬಿಸಿಲು ತಾಗಿದರೆ ಚರ್ಮ ಕೆರಳುವ ಕಾಯಿಲೆ ಇರುವವರು ಇದ್ದಾರೆ. ಝೆರೋಡರ್ಮಾ ಪಿಗ್ಮೆಂಟೋಸಂ ಎಂಬ ಅಪರೂಪದ ಕಾಯಿಲೆಯಲ್ಲಿ ಬಿಸಿಲಿನಿಂದಾದ ಗಾಯವನ್ನು ಜೀವಕೋಶಕ್ಕೆ ಸರಿಯಾಗಿ ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಮಾಮೂಲಿ ಆ್ಯಂಟಿಬಯಾಟಿಕ್ ಮಾತ್ರೆ ತಿನ್ನುವಾಗಲೂ ಕೆಲವರಿಗೆ ಬಿಸಿಲು ಉರಿಯಾಗುತ್ತದೆ.

ಎಡವಟ್ಟು ಇರುವುದು ಇಲ್ಲೇ. ಕಪ್ಪಗಿದ್ದರೆ ರಕ್ಷಣೆ ಎಂದು ಎಲ್ಲರೂ ಅಂದುಕೊಂಡಿದ್ದೇವೆ, ಚಿಕ್ಕಮ್ಮನೂ ಸೇರಿ. ಆದರೆ ಗಾಜು ಎಷ್ಟು ಕಪ್ಪು ಎಂಬುದಕ್ಕೂ ನೇರಳಾತೀತ ಕಿರಣ ಎಷ್ಟು ತಡೆಯುತ್ತದೆ ಎಂಬುದಕ್ಕೂ ನೇರ ಸಂಬಂಧ ಇಲ್ಲ. ನೀರಿನಷ್ಟು ತಿಳಿಯಾದ ಫಿಲ್ಮ್ ಕೂಡ ಆ ಕಿರಣವನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯಬಲ್ಲದು. ಒಳಗೆ ಯಾರಿದ್ದಾರೆ ಎಂದು ಪೊಲೀಸರಿಗೂ ಕಾಣುತ್ತದೆ. ಅಂದರೆ ಕೋರ್ಟಿನ ಭಯವೂ ಕಾಯಿಲೆಯವರ ಕಷ್ಟವೂ ಒಂದಕ್ಕೊಂದು ಅಡ್ಡ ಬರಲೇಬೇಕೆಂದಿಲ್ಲ. 2012ರ ಆದೇಶ ಮಾತ್ರ ಕಪ್ಪು ಫಿಲ್ಮ್, ತಿಳಿ ಫಿಲ್ಮ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿತು.

ಅಮೆರಿಕದಲ್ಲಿ ಇದನ್ನು ರಾಜ್ಯಕ್ಕೊಂದು ರೀತಿ ಬಿಡಿಸಿಕೊಂಡಿದ್ದಾರೆ. ನ್ಯೂಯಾರ್ಕ್‌ನಲ್ಲೂ ಶೇ 70ರ ಮಿತಿಯೇ. ಆದರೆ ಡಾಕ್ಟರ್ ತುಂಬಿಕೊಟ್ಟ ಅರ್ಜಿ ಸಲ್ಲಿಸಿದರೆ ವಿನಾಯಿತಿ ಸಿಗುತ್ತದೆ. ಲೂಪಸ್, ಪೋರ್ಫೈರಿಯಾ ಎಲ್ಲ ಆ ಪಟ್ಟಿಯಲ್ಲಿವೆ. ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರ್ ಪತ್ರ ಕಾರಿನಲ್ಲಿದ್ದರೆ ಮುಂದಿನ ಪಕ್ಕದ ಕಿಟಕಿಗೆ ಬಿಸಿಲು ತಡೆ ಹಾಕಬಹುದು, ಕತ್ತಲಾದ ಮೇಲೆ ಮಾತ್ರ ಬಳಸುವಂತಿಲ್ಲ. ಅದಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನ ಇನ್ನೊಂದು ಸಾಲು. ಶೇ 88ಕ್ಕಿಂತ ಕಡಿಮೆ ಇಲ್ಲದಂತೆ ಬೆಳಕು ಬಿಡುವ, 'ಎ' ಕಿರಣ ತಡೆಯುವ ತಿಳಿ ಫಿಲ್ಮಿಗೆ ಕಾಯಿಲೆಯ ನೆಪವೇ ಬೇಡ. ಯಾರು ಬೇಕಾದರೂ ಹಚ್ಚಬಹುದು. ಫಿಲ್ಮಿನ ಪ್ರಮಾಣಪತ್ರ ಜೊತೆಗಿರಬೇಕು ಅಷ್ಟೇ.

ನಮ್ಮಲ್ಲೂ ಒಂದು ಬಾಗಿಲು ಸದ್ದಿಲ್ಲದೆ ಅರ್ಧ ತೆರೆದಿದೆ. ಕೇಂದ್ರ ಸಾರಿಗೆ ಸಚಿವಾಲಯ 2020ರಲ್ಲಿ 100ನೇ ನಿಯಮವನ್ನು ತಿದ್ದಿತು. 2021ರ ಏಪ್ರಿಲ್ 1ರಿಂದ 'ಸೇಫ್ಟಿ ಗ್ಲಾಸ್' ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ಮಾತೂ ಸೇರಿತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಅದರಲ್ಲಿ ಬರುತ್ತದೆ. ತಮಾಷೆ ನೋಡಿ, ಅದಕ್ಕೆ ಮೂರು ತಿಂಗಳು ಮೊದಲು, ಜನವರಿಯಲ್ಲಿ, ಪಕ್ಕದ ಕೇರಳದಲ್ಲಿ 'ಆಪರೇಷನ್ ಸ್ಕ್ರೀನ್' ಎಂದು ಫಿಲ್ಮು, ಪರದೆ ಎರಡರ ಮೇಲೂ ದೊಡ್ಡ ಕಾರ್ಯಾಚರಣೆ ನಡೆದಿತ್ತು. ಅದೇ ಕೇರಳದ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಿದ್ದಿದ ನಿಯಮ ಓದಿ ಬೇರೆ ಮಾತು ಹೇಳಿತು. ಬೆಳಕಿನ ಮಟ್ಟ ಶೇ 70 ಮತ್ತು 50ಕ್ಕಿಂತ ಇಳಿಯದಿದ್ದರೆ ಫಿಲ್ಮ್ ಹಚ್ಚಿದ್ದಕ್ಕೆ ದಂಡ ಹಾಕುವಂತಿಲ್ಲ ಎಂದರು ನ್ಯಾಯಮೂರ್ತಿ ಎನ್. ನಗರೇಶ್. 2012ರ ತೀರ್ಪು ಬಂದದ್ದು ಹಳೇ ನಿಯಮದ ಮೇಲೆ, ನಿಯಮವೇ ಬದಲಾಗಿದೆ ಎಂಬುದು ಇದರ ತಿರುಳು.

ಆದರೆ ಕೇರಳ ಹೈಕೋರ್ಟಿನ ಮಾತು ಕರ್ನಾಟಕದ ರಸ್ತೆಯಲ್ಲಿ ನೇರವಾಗಿ ನಡೆಯುವುದಿಲ್ಲ. ಇಲ್ಲಿ ನಿಲ್ಲಿಸುವವರ ಕೈಯಲ್ಲಿ ಇರುವುದು ಇನ್ನೂ 2012ರ ತೀರ್ಪು. ಮೋಟಾರು ವಾಹನ ಕಾಯ್ದೆಯ ಸಾಮಾನ್ಯ ದಂಡ ಮೊದಲು 100 ರೂಪಾಯಿ ಇತ್ತು. 2019ರ ತಿದ್ದುಪಡಿಯ ನಂತರ ಮೊದಲ ಸಲ 500, ಆಮೇಲೆ 1,500. ಹಣ ಇದ್ದವರಿಗೆ ಅದೇನು ಮಹಾ ಅಲ್ಲ. ಕಡುಕಪ್ಪು ಗಾಜಿನ ದೊಡ್ಡ ಕಾರುಗಳು ಈಗಲೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತವೆ.

ಹೋದ ತಿಂಗಳು ಚಿಕ್ಕಮ್ಮನ ಕಾರಿಗೆ ತಿಳಿ ಫಿಲ್ಮ್ ಹಚ್ಚಿಸಿದೆವು. ಅಂಗಡಿಯವನು ಎಡಗಡೆಯ ಗಾಜು ಮುಗಿಸಿ ದೂರ ನಿಂತು ನೋಡಿದ. "ಹಾಕಿದ್ದೇ ಗೊತ್ತಾಗಲ್ಲ ಅಲ್ವಾ ಸಾರ್, ದುಡ್ಡು ಕೊಟ್ಟು ಏನು ಪ್ರಯೋಜನ?" ಎಂದು ಬೇಜಾರು ಮಾಡಿಕೊಂಡ. ಚಿಕ್ಕಮ್ಮನಿಗೂ ಅದೇ ಅನುಮಾನ. ಕಣ್ಣಿಗೆ ಬಿಸಿಲು ಹಾಗೇ ಚುಚ್ಚುತ್ತದಲ್ಲ! ಡಿಕ್ಕಿಯಲ್ಲಿ ಪಂಚೆ ಇನ್ನೂ ಮಡಚಿ ಇಟ್ಟಿದ್ದಾರೆ. ಪರ್ಸಿನಲ್ಲಿ ಡಾಕ್ಟರ್ ಚೀಟಿಯ ಹಿಂದೆ ಕೇರಳದ ತೀರ್ಪಿನ ಜೆರಾಕ್ಸ್ ಸೇರಿಕೊಂಡಿದೆ.