ಹದಿನಾರು ಗಂಟೆ ಉಪವಾಸ: ಇಲಿಯ ಲೆಕ್ಕ, ಮನುಷ್ಯನ ಮಿದುಳು

ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರ ಬಾಯಲ್ಲೂ ಈಗ ‘16–8’ರ ಮಾತು: ದಿನದ ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯೊಳಗೆ ಊಟ. ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ಮಿದುಳಿನ ಜೀನ್‌ಗಳೇ ಬದಲಾಗುತ್ತವಂತೆ. ಜೀನ್ ಬದಲಾಗುವುದಿಲ್ಲ, ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ಬದಲಾಗುತ್ತದೆ. ಗೊಂದಲ ಹುಟ್ಟುವುದು ಇಲ್ಲೇ.

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಡಿಮೆ ತಿಂದ ಇಲಿಗಳು ಹೆಚ್ಚು ಕಾಲ ಬದುಕಿದವು, 1946ರ ಹೊತ್ತಿಗೆ ಆಗಾಗ ಉಪವಾಸವಿದ್ದ ಇಲಿಗಳಲ್ಲೂ ಅದೇ ಕಂಡಿತು. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಡುವ ಮಿದುಳು, ವಾರಗಟ್ಟಲೆ ಉಪವಾಸದಲ್ಲಿ ಕೊಬ್ಬಿನಿಂದ ಹುಟ್ಟುವ ಕೀಟೋನ್ ಉರಿಸಿಕೊಂಡು ಬದುಕುತ್ತದೆ ಎಂದು 1967ರಲ್ಲಿ ಜಾರ್ಜ್ ಕಾಹಿಲ್ ಅವರ ತಂಡ ತೋರಿಸಿತು.

ಜೀನ್‌ಗಳ ಮಾತು ಬಂದದ್ದು ಬಹಳ ತಡವಾಗಿ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೊಟೀನಿಗೆ ಸುತ್ತಿಕೊಂಡಿರುತ್ತದೆ. ಹತ್ತಿ ಗಿರಣಿಗಳನ್ನು ಕಂಡ ಊರಿನವರಿಗೆ ಬಾಬಿನ್‌ಗೆ ಸುತ್ತಿದ ನೂಲು ಎಂದರೆ ಸಾಕು. ಹಿಸ್ಟೋನಿಗೆ ಅಸಿಟೈಲ್ ತುಣುಕು ಅಂಟಿದರೆ ಸುತ್ತು ಸಡಿಲಾಗಿ ಜೀನ್ ಓದಲು ಸಿಗುತ್ತದೆ. ಆ ತುಣುಕನ್ನು ಕಿತ್ತುಹಾಕುವ ಕಿಣ್ವ ಎಚ್‌ಡಿಎಸಿ. ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ಈ ಕಿಣ್ವವನ್ನು ತಡೆಯುತ್ತದೆ ಎಂದು 2012ರ ಕೊನೆಯಲ್ಲಿ ಗೊತ್ತಾಯಿತು. ಆದರೆ ಪ್ರಾಣಿಯಲ್ಲಿ ಅದನ್ನು ಮುಖ್ಯವಾಗಿ ನೋಡಿದ್ದು ಇಲಿಯ ಮೂತ್ರಪಿಂಡದಲ್ಲಿ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಜೀನ್ ಮೇಲೆ ಇದೇ ಕೀಟೋನ್‌ನ ಪ್ರಭಾವ 2016ರಲ್ಲಿ ಕಂಡಿತು, ಅದೂ ಉಪವಾಸವಿದ್ದ ಇಲಿಗಳಲ್ಲಲ್ಲ, ಚಕ್ರದಲ್ಲಿ ಓಡಿದ ಇಲಿಗಳಲ್ಲಿ. ಹೇಳುವ ಬಾಯಿ ಬದಲಾದಂತೆಲ್ಲ ಈ ವಿವರಗಳು ಉದುರಿಹೋದವು.

ಪ್ರಮಾಣವೂ ಹಾಗೆಯೇ ಉದುರಿತು. ಎಚ್‌ಡಿಎಸಿಯನ್ನು ಚೆನ್ನಾಗಿ ತಡೆಯಲು ಲೀಟರಿಗೆ 2ರಿಂದ 5 ಮಿಲಿಮೋಲ್ ಕೀಟೋನ್ ಬೇಕು. ಹದಿನಾರು ಗಂಟೆ ಉಪವಾಸವಿದ್ದ ಹೆಚ್ಚಿನವರ ರಕ್ತದಲ್ಲಿ ಅರ್ಧ ಮಿಲಿಮೋಲೂ ಇರುವುದಿಲ್ಲ, 2 ದಾಟಲು ಎರಡು ಮೂರು ದಿನ ಬೇಕು. ಇಲಿಯ ಮೈ ಪುಟ್ಟದು, ಉರಿ ಜೋರು. ಒಂದು ದಿನ ಮೇವಿಲ್ಲದಿದ್ದರೆ ಮೈತೂಕದ ಹತ್ತನೇ ಒಂದು ಪಾಲೇ ಇಳಿಯಬಹುದು. ಅದರ ಹದಿನಾರು ಗಂಟೆ ನಮ್ಮ ಹದಿನಾರು ಗಂಟೆಯಲ್ಲ. ಉಪವಾಸ ಜೀನ್‌ಗಳನ್ನು ಮುಟ್ಟಲು ಎಎಂಪಿಕೆ, ಸರ್ಟುಯಿನ್ ಎಂಬ ಕಿಣ್ವಗಳಂಥ ಬೇರೆ ದಾರಿಗಳೂ ಇವೆ, ನಿಜ. ಆದರೆ ಬದುಕಿರುವ ಮನುಷ್ಯನ ಮಿದುಳನ್ನು ಕತ್ತರಿಸಿ ನೋಡಲಾಗದು, ರಕ್ತದ ಬಿಡಿಎನ್‌ಎಫ್ ಅಳೆದರೆ ಅದರ ಬಹುಪಾಲು ಮಿದುಳಿನದ್ದಲ್ಲ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳದ್ದು.

ಇನ್ನು ನಮ್ಮೂರಿನ ಗಡಿಯಾರ. ಸಂಜೆ ಮಿರ್ಚಿ-ಮಂಡಕ್ಕಿ, ರಾತ್ರಿ ಹತ್ತಕ್ಕೆ ಊಟ, ಬೆಳಿಗ್ಗೆ ಎಂಟಕ್ಕೆ ಬೆಣ್ಣೆ ದೋಸೆ: ಅಂತರ ಹತ್ತೇ ಗಂಟೆ. ರಾತ್ರಿ ಏಳಕ್ಕೆ ಊಟ ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ತಿಂದರೆ ಹದಿನಾಲ್ಕು. ನಡುವೆ ಹಾಲು-ಸಕ್ಕರೆ ಹಾಕಿದ ಕಾಫಿ ಕುಡಿದರೆ ಇನ್ಸುಲಿನ್ ಏರಿ ಕೀಟೋನ್ ಇಳಿಯುತ್ತದೆ. ಏಕಾದಶಿಯ ಅವಲಕ್ಕಿ, ಬಾಳೆಹಣ್ಣಿನ ಫಲಾಹಾರವೂ ಅಷ್ಟೇ. ಮೊದಲ ದಿನಗಳ ತಲೆನೋವಿಗೆ ಹಸಿವೊಂದೇ ಕಾರಣವಲ್ಲ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ, ಏಪ್ರಿಲ್ ಬಿಸಿಲಲ್ಲಿ ಅದು ಇನ್ನೂ ಬೇಗ ತಲೆಸುತ್ತು ತರುತ್ತದೆ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ (ಮೈಯಲ್ಲಿ ಇನ್ಸುಲಿನ್ ಹೆಚ್ಚಿಸುವ) ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಂದ ಡೋಸ್ ಬದಲಿಸಿಕೊಳ್ಳದೆ ಊಟ ಬಿಡಲೇಬಾರದು. ಔಷಧ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ 70 ಮಿಲಿಗ್ರಾಂ ಕೆಳಗೆ ಎಳೆಯಬಹುದು, ಅದೇ ಇನ್ಸುಲಿನ್ ಕೀಟೋನ್ ಹುಟ್ಟದಂತೆಯೂ ತಡೆಯುತ್ತದೆ. ಆಗ ಮಿದುಳಿಗೆ ಅದೂ ಇಲ್ಲ, ಇದೂ ಇಲ್ಲ.