ಹಸಿರು ಭವಿಷ್ಯದ ಕತೆಯಲ್ಲಿ ಜಗಳ ಎಲ್ಲಿರುತ್ತದೆ?

ಪ್ರಶ್ನೆ: ವೈಜ್ಞಾನಿಕ ಕತೆಗಳಲ್ಲಿ ‘ಸೋಲಾರ್‌ಪಂಕ್’ ಅಂತ ಒಂದು ಬಗೆ ಇದೆಯಂತೆ. ಸೋಲಾರ್ ಕರೆಂಟು, ಸುತ್ತ ಹಸಿರು, ಎಲ್ಲರೂ ಸುಖವಾಗಿದ್ದರೆ ಕತೆ ಬೋರ್ ಆಗಲ್ವಾ? (ಮಾನ್ವಿಯ ಓದುಗರು)

ಮಾನ್ವಿಯಿಂದಲೇ ಈ ಪ್ರಶ್ನೆ ಬಂದಿದ್ದು ಒಳ್ಳೆಯದಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರಿಗೆ ಜಗಳ ಎಲ್ಲಿ ಹುಟ್ಟುತ್ತದೆ ಅಂತ ನಾನು ಹೇಳಬೇಕೇ? 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಬರದ ನಾಡಿನ ಕನಸು ನಿಜವಾಯಿತು. ಆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರು ಕೇಳುವ ಬೆಳೆಗಳಿಗೆ. ಆದರೆ ಗಂಗಾವತಿ, ಸಿಂಧನೂರು ಕಡೆ ಭತ್ತ ಬಂತು. ಮೇಲ್ಭಾಗದಲ್ಲಿ ನೀರು ಜಾಸ್ತಿಯಾಗಿ ಎಷ್ಟೋ ಹೊಲ ಜವುಳಾಯಿತು, ಉಪ್ಪೇರಿತು. ಕೆಳಗಿನವರು ನೀರಿಗಾಗಿ ರಸ್ತೆಗಿಳಿದರು. ಕನಸು ನಿಜವಾದ ಮೇಲೆ ಶುರುವಾದ ಜಗಳ ಇದು. ಒಳ್ಳೆಯ ಸೋಲಾರ್‌ಪಂಕ್ ಕತೆ ಕೈಹಾಕುವುದು ಇಲ್ಲಿಗೇ.

ಈ ಹೆಸರು ಹುಟ್ಟುವ ಮೊದಲೇ, 1974ರಲ್ಲಿ, ಉರ್ಸುಲಾ ಲೆ ಗ್ವಿನ್ ‘ದಿ ಡಿಸ್ಪೊಸೆಸ್ಡ್’ ಬರೆದರು. ಅನಾರೆಸ್ ಎಂಬ ಆ ಬರಡು ಲೋಕದಲ್ಲಿ ಒಡೆಯರಿಲ್ಲ, ಆಸ್ತಿಯಿಲ್ಲ. ಬರ ಬಂದರೆ ಇದ್ದದ್ದನ್ನು ಹಂಚಿಕೊಂಡೇ ತಿನ್ನಬೇಕು. ಆದರೂ ಹೊಸದಾಗಿ ಯೋಚಿಸುವ ವಿಜ್ಞಾನಿ ಶೆವೆಕ್‌ಗೆ ಅಡ್ಡಗಾಲು ತಪ್ಪಲಿಲ್ಲ. ಸಮಾನತೆಯ ಊರಲ್ಲೂ ಹೊಟ್ಟೆಕಿಚ್ಚು ಇದೆ, ‘ನಾಲ್ಕು ಜನ ಏನಂತಾರೆ’ ಎಂಬ ಹೆದರಿಕೆ ಇದೆ. ಬೆಕಿ ಚೇಂಬರ್ಸ್ 2021ರಲ್ಲಿ ಬರೆದ ‘ಎ ಸಾಮ್ ಫಾರ್ ದ ವೈಲ್ಡ್-ಬಿಲ್ಟ್’ ಇನ್ನೂ ಮೆತ್ತಗಿನದು. ಊರೂರು ಸುತ್ತಿ ಚಹಾ ಕೊಟ್ಟು ಜನರ ಕಷ್ಟ ಕೇಳುವ ಡೆಕ್ಸ್‌ಗೆ ಯಾವ ಕೊರತೆಯೂ ಇಲ್ಲ, ಆದರೆ ನೆಮ್ಮದಿಯೂ ಇಲ್ಲ. ಕೆಲವರಿಗೆ ಸಪ್ಪೆ ಅನಿಸೀತು. ನನಗೂ ನಡುನಡುವೆ ಹಾಗನಿಸಿತು.

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ‘ದಿ ಮಿನಿಸ್ಟ್ರಿ ಫಾರ್ ದ ಫ್ಯೂಚರ್’ (2020) ಸಪ್ಪೆಯಲ್ಲ. ಅದು ಶುರುವಾಗುವುದೇ ಉತ್ತರಪ್ರದೇಶದಲ್ಲಿ ಜನರನ್ನು ಕೊಲ್ಲುವ ಬಿಸಿಲಿನಿಂದ. ರಾಯಚೂರಿನ ಮೇ ತಿಂಗಳು ಕಂಡವರಿಗೆ ಆ ಅಧ್ಯಾಯ ಓದುವುದು ಕಷ್ಟ. ಆಮೇಲೆ ಭರವಸೆ ಬರುತ್ತದೆ, ಆದರೆ ಪುಟಗಟ್ಟಲೆ ಮೀಟಿಂಗು, ಚೌಕಾಸಿಗಳ ಮೂಲಕ.

ಗಾಜಿನ ಕಟ್ಟಡಕ್ಕೆ ಬಳ್ಳಿ ಹಬ್ಬಿಸಿದ ಚಿತ್ರಗಳನ್ನಷ್ಟೇ ನೋಡಿದ್ದರೆ ನಿಮ್ಮ ಅನುಮಾನ ಸರಿ. ಅಲ್ಲಿ ಪ್ಯಾನೆಲ್ ಮೇಲಿನ ಧೂಳು ಒರೆಸುವವರು ಕಾಣುವುದೇ ಇಲ್ಲ! ರಿಪೇರಿ ಇಲ್ಲದ ಭವಿಷ್ಯ ನಂಬುವಂಥದ್ದಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ. ನಿವೃತ್ತಿಯಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ನನ್ನ ಲೆಕ್ಕದಲ್ಲಿ ಅದು ಪಕ್ಕಾ ಸೋಲಾರ್‌ಪಂಕ್ ದೃಶ್ಯ.

ನಮ್ಮ ಕಡೆಯವರೇ ಬರೆಯುವುದಾದರೆ ಶಕ್ತಿನಗರದಿಂದ ಶುರುಮಾಡಲಿ. ಅಲ್ಲಿನ ಕಲ್ಲಿದ್ದಲು ವಿದ್ಯುತ್ ಕೇಂದ್ರ ಮುಚ್ಚಿ ಹತ್ತು ವರ್ಷವಾಗಿದೆ ಅಂತಿಟ್ಟುಕೊಳ್ಳಿ. ಬೂದಿ ಹೊಂಡವನ್ನು ಏನು ಮಾಡಿದರು? ಗುತ್ತಿಗೆ ಕೆಲಸಗಾರರು ಎಲ್ಲಿಗೆ ಹೋದರು? ಸೋಲಾರ್ ಪ್ಯಾನೆಲ್ ಹಾಕಲು ಯಾರ ಹೊಲ ಹೋಯಿತು, ಬಾಡಿಗೆ ಯಾರಿಗೆ ಬರುತ್ತಿದೆ?