ಥ್ರೆಡ್ ಹೋದ ಹೋಲಿಗೆ ಹೆಲಿಕಾಯಿಲ್: ನನಗೆ ಕೈಕೊಟ್ಟ ಡ್ರಿಲ್ ಸೈಜಿನ ಲೆಕ್ಕ

ವರ್ಕ್‌ಶಾಪಿನಲ್ಲಿ ಬೈಕಿನ ಕ್ಲಚ್ ಕವರ್ ಬಿಚ್ಚುತ್ತಿದ್ದೆ. ಒಂದು ಬೋಲ್ಟ್ ಮಾತ್ರ ಎಷ್ಟು ತಿರುಗಿಸಿದರೂ ಮೇಲೆ ಬರಲಿಲ್ಲ, ಇದ್ದಲ್ಲೇ ಸುತ್ತುತ್ತಿತ್ತು. ಪಕ್ಕಡದಲ್ಲಿ ಹಿಡಿದು ಎಳೆದರೆ ಅದರ ಮೈಗೆ ಬೆಳ್ಳಗಿನ ಅಲ್ಯೂಮಿನಿಯಂ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಬಂತು. ಅದು ಕ್ರ್ಯಾಂಕ್‌ಕೇಸಿನ (ಎಂಜಿನ್‌ನ ಹೊರಕವಚದ) ಹೋಲಿನೊಳಗಿನ ಥ್ರೆಡ್, ಪೂರ್ತಿ ಕಿತ್ತು ಬಂದಿತ್ತು. ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂನದು. ಅತಿಯಾಗಿ ಬಿಗಿದಾಗ ಸಾಮಾನ್ಯವಾಗಿ ಸೋಲುವುದು ಕೇಸೇ.

ಮೊದಲು ಬೋಲ್ಟ್ ಯಾವುದು ಎಂದು ಸರಿಯಾಗಿ ಗುರುತಿಸಿ. '8 ನಂಬರ್ ಬೋಲ್ಟ್' ಎಂದರೆ ಅದರ ತಲೆಗೆ 8ರ ಸ್ಪ್ಯಾನರ್ ಕೂರುತ್ತದೆ ಎಂದಷ್ಟೇ ಅರ್ಥ. ಬೈಕ್ ಕವರಿನ ಅಂಥ ಫ್ಲ್ಯಾಂಜ್ ಬೋಲ್ಟ್ ನಿಜಕ್ಕೂ ಎಂ6, ಅಂದರೆ ಥ್ರೆಡ್ಡಿನ ಹೊರವ್ಯಾಸ 6 ಮಿ.ಮೀ.; ಪಿಚ್, ಅಂದರೆ ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರ, 1 ಮಿ.ಮೀ. ವರ್ನಿಯರ್‌ನಲ್ಲಿ ಹೊರವ್ಯಾಸ ನೋಡಿ, ಪಿಚ್ ಗೇಜ್ ಇಟ್ಟು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಹೋಲಿನ ಆಳವನ್ನೂ ಅಳೆಯಿರಿ. ಕೆಲವು ಕಡೆ ತಳದಲ್ಲಿ ಬೋಲ್ಟ್ ತಲುಪದ ಒಳ್ಳೆಯ ಥ್ರೆಡ್ ಉಳಿದಿರುತ್ತದೆ. ಹಳೆಯದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ ಬೋಲ್ಟ್ ಹಾಕಿದರೆ ಕೆಲಸ ಮುಗಿಯಬಹುದು, ತುದಿ ತಳಕ್ಕೆ ಗುದ್ದಬಾರದು ಅಷ್ಟೇ. ಟೆಫ್ಲಾನ್ ಟೇಪ್ ಸುತ್ತುವುದು, ಎಂ-ಸೀಲ್ ತುಂಬುವುದು ಬೇಡವೇ ಬೇಡ. ಎಂಜಿನ್ ಬಿಸಿಗೆ, ನಡುಕಕ್ಕೆ ಅದು ನಿಲ್ಲುವುದಿಲ್ಲ.

ಈಗ ನಾನು ಎಡವಿದ ಜಾಗ. ಹೆಲಿಕಾಯಿಲ್ ಎಂದರೆ ಥ್ರೆಡ್ ಹೋದ ಹೋಲಿನಲ್ಲಿ ಹೊಸ ಥ್ರೆಡ್ ಆಗಿ ಕೂರುವ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ಕಿಟ್‌ನಲ್ಲಿ ಅದಕ್ಕೊಂದು ಟ್ಯಾಪ್ (ಹೋಲಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಬರುತ್ತದೆ, ಮೇಲೆ ಎಂ6 ಎಂದೇ ಬರೆದಿರುತ್ತದೆ. ಎಂ6×1 ಟ್ಯಾಪಿಗೆ ಡ್ರಿಲ್ 5 ಎಂದು ನಮಗೆಲ್ಲ ಬಾಯಿಪಾಠ: ವ್ಯಾಸದಲ್ಲಿ ಪಿಚ್ ಕಳೆದರೆ ಡ್ರಿಲ್. ಹಾಗೇ 5ರ ಡ್ರಿಲ್ ಹಾಕಿದೆ. ಅದು ಏನನ್ನೂ ಕೊರೆಯದೆ ಸಲೀಸಾಗಿ ಒಳಗೆ ಹೋಯಿತು. ಆಗಲೇ ಅನುಮಾನ ಬರಬೇಕಿತ್ತು. ಟ್ಯಾಪ್ ಇಟ್ಟು ಒಂದೂವರೆ ಸುತ್ತು ತಿರುಗಿಸುವಷ್ಟರಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತು. ಇನ್ನೂ ಒತ್ತಿದ್ದರೆ ಟ್ಯಾಪ್ ಒಳಗೇ ಮುರಿಯುತ್ತಿತ್ತು. ಇನ್‌ಸ್ಟ್ರಕ್ಟರ್ ಸರ್ ತಡೆದು ಹಿಂದಕ್ಕೆ ತಿರುಗಿಸಿ ತೆಗೆಸಿದರು. "ಟ್ಯಾಪ್ ಮೇಲಿನ ಬರಹ ಬಿಡಪ್ಪ, ಟ್ಯಾಪನ್ನೇ ಅಳೆದು ನೋಡು" ಎಂದರು.

ಅಳೆದರೆ 7.3 ಮಿ.ಮೀ.!

ಆ ಎಂ6 ಎನ್ನುವುದು ಟ್ಯಾಪಿನ ಅಳತೆಯಲ್ಲ, ಕೊನೆಗೆ ಒಳಗೆ ಕೂರುವ ಬೋಲ್ಟಿನ ಅಳತೆ. ಸುರುಳಿಯ ತಂತಿಯನ್ನು ಅಡ್ಡ ಕತ್ತರಿಸಿದರೆ ವಜ್ರಾಕೃತಿ ಕಾಣುತ್ತದೆ. ಹೊರಗಿನ ಮೂಲೆ ಕೇಸಿನ ಥ್ರೆಡ್ಡಿನ ತಗ್ಗಿನಲ್ಲಿ ಕೂರುತ್ತದೆ, ಒಳಗಿನ ಮೂಲೆ ಬೋಲ್ಟಿಗೆ ಥ್ರೆಡ್ ಆಗುತ್ತದೆ. ಅಂದರೆ ಕೇಸಿನ ಲೋಹ ಬೋಲ್ಟನ್ನು ಎಲ್ಲೂ ಮುಟ್ಟುವುದೇ ಇಲ್ಲ, ನಡುವೆ ಪೂರ್ತಿ ತಂತಿಯೇ ಇರುತ್ತದೆ. ಹಾಗಾಗಿ ಕೇಸಿನ ಥ್ರೆಡ್ಡಿನ ಏಣು ಕೂಡ ಬೋಲ್ಟಿನ 6 ಮಿ.ಮೀ. ಮೈಯಿಂದ ಹೊರಗೇ ಇರಬೇಕು. ಡ್ರಿಲ್ 6ಕ್ಕಿಂತ ದೊಡ್ಡದಾಗಲೇಬೇಕು ಎನ್ನುವುದು ಇದರಿಂದಲೇ. ಪಿಚ್ ಮಾತ್ರ ಬದಲಾಗುವುದಿಲ್ಲ, 1 ಅಂದರೆ 1.

ಇದು ಅರ್ಥವಾದ ಮೇಲೆ ಹಳೆಯ ಸೂತ್ರವೇ ಸಾಕಾಯಿತು. ಟ್ಯಾಪಿನ ನಿಜವಾದ ಹೊರವ್ಯಾಸದಲ್ಲಿ ಪಿಚ್ ಕಳೆಯಿರಿ: 7.3 − 1 = 6.3. ಅದೇ ಡ್ರಿಲ್! ಟ್ಯಾಪ್ ಕೈಯಲ್ಲಿಲ್ಲದಿದ್ದರೆ ಅದರ ಹೊರವ್ಯಾಸಕ್ಕೂ ಲೆಕ್ಕವಿದೆ: ಬೋಲ್ಟ್ ವ್ಯಾಸಕ್ಕೆ ಪಿಚ್‌ನ 1.3 ಪಟ್ಟು ಕೂಡಿಸಿ. ಎಂ8×1.25ಕ್ಕೆ ಸುಮಾರು 9.6 ಬರುತ್ತದೆ, ಪಿಚ್ ಕಳೆದರೆ ಡ್ರಿಲ್ 8.4ರ ಹತ್ತಿರ. ಎಂ10×1.5ಕ್ಕೆ 10.4–10.5. ನಾನು ಇದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದಿಟ್ಟಿದ್ದೇನೆ. ಕಿಟ್ ಮೇಲೆ ಡ್ರಿಲ್ ಸೈಜ್ ಬರೆದಿದ್ದರೆ ಅದನ್ನೇ ಪಾಲಿಸಿ.

ಉಳಿದದ್ದು ನಿಮಗೆ ಗೊತ್ತಿರುವ ಕೆಲಸವೇ. ಡ್ರಿಲ್ ನೇರವಾಗಿರಲಿ. ಟ್ಯಾಪಿಗೆ ಸೀಮೆಎಣ್ಣೆ ಹಾಕಿ, ಅದರ ಮೈಯ ಉದ್ದನೆಯ ಸೀಳುಗಳಿಗೆ ಗ್ರೀಸ್ ತುಂಬಿದರೆ ಪುಡಿ ಅದಕ್ಕೇ ಅಂಟುತ್ತದೆ, ಎಂಜಿನ್ ಒಳಗೆ ಬೀಳುವುದಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಸ್ಪಾರ್ಕ್ ಪ್ಲಗ್ ಹೋಲಾದರೆ ಹೆಡ್ ಬಿಚ್ಚಿಕೊಂಡೇ ಮಾಡಿ, ಏಕೆಂದರೆ ಅಲ್ಲಿ ಪುಡಿ ನೇರ ಪಿಸ್ಟನ್ ಮೇಲೆ ಬೀಳುತ್ತದೆ.

ಸುರುಳಿ ಹಾಕುವಾಗ ಕೆಳಕ್ಕೆ ಒತ್ತಬೇಡಿ. ಒತ್ತಿದರೆ ಒಂದು ಸುತ್ತು ಹಾರಿ ಥ್ರೆಡ್ಡಿನ ಪಕ್ಕದ ತಗ್ಗಿಗೆ ಸೇರುತ್ತದೆ. ಸುಮ್ಮನೆ ತಿರುಗಿಸಿ, ಅದೇ ಇಳಿಯುತ್ತದೆ. ಬಿಡಿಯಾಗಿದ್ದಾಗ ಸುರುಳಿ ಹೋಲಿಗಿಂತ ತುಸು ದಪ್ಪವಿರುತ್ತದೆ. ಒಳಗೆ ಹೋದ ಮೇಲೆ ಹಿಗ್ಗಲು ನೋಡುವುದರಿಂದಲೇ ಅದು ಗಟ್ಟಿಯಾಗಿ ಕೂರುವುದು. ಮೇಲಿನ ತುದಿ ಕೇಸಿನ ಮುಖಕ್ಕಿಂತ ಕಾಲಿನಿಂದ ಅರ್ಧ ಸುತ್ತು ಕೆಳಗೆ ನಿಲ್ಲಲಿ, ಇಲ್ಲದಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂರುವುದಿಲ್ಲ. ತಳದಲ್ಲಿ ಅಡ್ಡಕ್ಕಿರುವ ಪುಟ್ಟ ಕೊಂಡಿಯನ್ನು ಪಂಚ್ ಇಟ್ಟು ಒಂದೇ ಏಟಿಗೆ ಮುರಿಯಿರಿ, ಮುರಿದ ತುಂಡನ್ನು ಮ್ಯಾಗ್ನೆಟ್ಟಿಗೆ ಕಾಯದೆ ಚಿಮಟದಲ್ಲಿ ಹಿಡಿದು ತೆಗೆಯಿರಿ. ಆ ಸ್ಟೇನ್‌ಲೆಸ್ ಸ್ಟೀಲ್ ಮ್ಯಾಗ್ನೆಟ್ಟಿಗೆ ಸರಿಯಾಗಿ ಅಂಟುವುದಿಲ್ಲ.

ಹಳೇ ಬೋಲ್ಟನ್ನೇ ಹಾಕುವುದಾದರೆ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡ ಅಲ್ಯೂಮಿನಿಯಂ ಎಳೆಯನ್ನು ವೈರ್ ಬ್ರಷ್‌ನಿಂದ ತೆಗೆದು, ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ಹಾಕಿ. ಈ ಎಂ6 ಬೋಲ್ಟಿಗೆ ಟಾರ್ಕ್ (ಬಿಗಿಯುವ ತಿರುಚು ಬಲ) ಸುಮಾರು 10 ನ್ಯೂಟನ್ ಮೀಟರ್, ಎಂದರೆ ಒಂದು ಗೇಣಿಗಿಂತ ಚಿಕ್ಕದಾದ 10 ಸೆಂ.ಮೀ. ಹಿಡಿಯ ತುದಿಯಲ್ಲಿ 10 ಕೆ.ಜಿ.ಯಷ್ಟು ಎಳೆತ.